ಬೀದಿಯಲ್ಲಿ ಸಿಕ್ಕ ನಾಯಿ, ಬೆಕ್ಕುಗಳಿಗೆ ಮನೆ ಹುಡುಕುವುದು: ಹಿಡಿಯುವುದರಿಂದ ದತ್ತು ಕೊಡುವವರೆಗೆ

ಬೀದಿಯಲ್ಲಿ ಅಲೆಯುತ್ತಿದ್ದ ನಾಯಿಯನ್ನೋ ಬೆಕ್ಕನ್ನೋ ಶೆಲ್ಟರ್‌ಗೆ (ಪ್ರಾಣಿಗಳ ಆಶ್ರಯತಾಣಕ್ಕೆ) ತಲುಪಿಸಿದರೆ ಅರ್ಧ ಕೆಲಸವಷ್ಟೇ ಆಯಿತು. ಶೆಲ್ಟರ್ ಎಂದರೆ ಪ್ರಾಣಿ ಹಾದುಹೋಗಬೇಕಾದ ಜಾಗ, ನೆಲೆಸಬೇಕಾದ ಜಾಗವಲ್ಲ. ಅಲ್ಲಿ ಗೂಡುಗಳು ಕಡಿಮೆ, ಸೋಂಕು ಜಾಸ್ತಿ, ಗದ್ದಲ ವಿಪರೀತ. ಎಷ್ಟೇ ಒಳ್ಳೆಯ ಶೆಲ್ಟರ್ ಆದರೂ ವಾರಗಟ್ಟಲೆ ಅಲ್ಲೇ ಉಳಿದ ಪ್ರಾಣಿ ಸೊರಗುತ್ತದೆ, ಅಂಜುಬುರುಕವಾಗುತ್ತದೆ. ಅದು ಬೇಗ ಮನೆ ಸೇರುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ತಂದುಬಿಟ್ಟವರ ಕೈಯಲ್ಲಿದೆ. ಎಲ್ಲಿ ಸಿಕ್ಕಿತು, ಹೇಗಿತ್ತು, ಯಾರ ಜೊತೆ ಹೇಗೆ ನಡೆದುಕೊಂಡಿತು ಎಂಬ ಮಾಹಿತಿ ಅದರ ಜೊತೆಗೆ ಹೋಗಬೇಕು. ತಂದವರು ಆಮೇಲೂ ಜೊತೆಗಿರಬೇಕು. ಹಾಗಾಗಿ ಪ್ರಾಣಿ ಕಣ್ಣಿಗೆ ಬಿದ್ದ ಗಳಿಗೆಯಿಂದಲೇ ಫೋಟೋ ತೆಗೆಯಿರಿ, ಜಾಗ ಮತ್ತು ಹೊತ್ತು ಬರೆದಿಡಿ.

ಇದು ನಿಜಕ್ಕೂ ದಿಕ್ಕಿಲ್ಲದ ಪ್ರಾಣಿಯೇ?

ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಬೀದಿಯಲ್ಲಿ ಕಾಣುವ ಪ್ರಾಣಿ ನಾಲ್ಕು ಬಗೆಯದಾಗಿರಬಹುದು: ಮನೆಯಿಂದ ತಪ್ಪಿಸಿಕೊಂಡದ್ದು, ಬೇಡವೆಂದು ಬಿಟ್ಟುಹೋದದ್ದು, ಅದೇ ಬೀದಿಯಲ್ಲಿ ಹುಟ್ಟಿ ಅಲ್ಲಿನವರ ಊಟ ಉಂಡು ಚೆನ್ನಾಗಿಯೇ ಇರುವುದು, ಮನುಷ್ಯರ ಒಡನಾಟವೇ ಇಲ್ಲದೆ ಕಾಡುಪ್ರಾಣಿಯಂತೆ ಬೆಳೆದದ್ದು. ಮೊದಲನೆಯದಕ್ಕೆ ಬೇಕಾದದ್ದು ಮಾಲೀಕರು, ಹೊಸ ಮನೆಯಲ್ಲ. ಮೂರನೆಯದಕ್ಕೆ ಸಾಮಾನ್ಯವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಸಾಕು. ಅದನ್ನು ಗೂಡಿಗೆ ಹಾಕುವುದು ಉಪಕಾರವಲ್ಲ. ನಾಲ್ಕನೆಯದು, ಅದರಲ್ಲೂ ಬೆಳೆದ ಬೆಕ್ಕು, ಮನೆಯೊಳಗಿನ ಬಾಳಿಗೆ ಹೊಂದಿಕೊಳ್ಳುವುದು ಬಹಳ ಕಷ್ಟ.

ಗುರುತು ಹಿಡಿಯಲು ಎರಡು ಮೂರು ದಿನ ದೂರದಿಂದ ಗಮನಿಸಿ. ಕೊರಳಲ್ಲಿ ಪಟ್ಟಿ ಇದೆಯೇ, ಇದ್ದು ಬಿದ್ದುಹೋದ ಜಾಗದಲ್ಲಿ ಕೂದಲು ಸವೆದಿದೆಯೇ ನೋಡಿ. ಒಂದು ಕಿವಿಯ ತುದಿಯನ್ನು ನೇರವಾಗಿ ಕತ್ತರಿಸಿದಂತೆ ಅಥವಾ ಕಚ್ಚು ಹಾಕಿದಂತೆ ಇದ್ದರೆ, ಆ ಪ್ರಾಣಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದೆ, ಬಹುಶಃ ಯಾರೋ ಅದನ್ನು ನೋಡಿಕೊಳ್ಳುತ್ತಿದ್ದಾರೆ ಎಂದರ್ಥ. ಕಿವಿಯ ಈ ಗುರುತನ್ನು ಶಸ್ತ್ರಚಿಕಿತ್ಸೆಯ ಹೊತ್ತಿಗೆ ಅರಿವಳಿಕೆಯಲ್ಲೇ ಮಾಡಿರುತ್ತಾರೆ. ರಸ್ತೆ ದಾಟಲು ತಡಬಡಾಯಿಸುವ, ಪ್ರತಿ ವಾಹನದ ಹಿಂದೆ ಓಡುವ, ಒಂದೇ ಮೂಲೆಯಲ್ಲಿ ಕಾಯುತ್ತ ಕೂತ ನಾಯಿ ಬೀದಿಗೆ ಹೊಸದು, ಅದಕ್ಕೆ ತಡಮಾಡಬಾರದು. ಒಂದು ಎಚ್ಚರಿಕೆ: ಹೆದರಿದ ಸಾಕುಬೆಕ್ಕು ಮತ್ತು ಕಾಡುಬೆಳೆದ ಬೆಕ್ಕು ಮೊದಲ ದಿನ ಒಂದೇ ರೀತಿ ಕಾಣುತ್ತವೆ. ಎರಡೂ ಬುಸುಗುಟ್ಟುತ್ತವೆ, ಎರಡೂ ಮೂಲೆ ಸೇರುತ್ತವೆ. ಸಾಕುಬೆಕ್ಕು ಕೆಲವು ದಿನಗಳಲ್ಲಿ ಸಡಿಲವಾಗುತ್ತದೆ. ಒಂದೇ ಭೇಟಿಯಲ್ಲಿ ತೀರ್ಪು ಕೊಡಬೇಡಿ.

ಹತ್ತಿರ ಹೋಗುವ ಮೊದಲು

ಕಚ್ಚಿಸಿಕೊಂಡರೆ ನಿಮಗೂ ಅಪಾಯ, ಪ್ರಾಣಿಗೂ ಅಪಾಯ. ಕಚ್ಚಿದ ದಾಖಲೆ ಇರುವ ಪ್ರಾಣಿಗೆ ಮನೆ ಸಿಗುವುದು ದುಸ್ತರ. ಬಾಲ ಅಲ್ಲಾಡಿಸಿದ ಮಾತ್ರಕ್ಕೆ ನಾಯಿ ಸ್ನೇಹದಲ್ಲಿದೆ ಎಂದುಕೊಳ್ಳಬೇಡಿ. ಮೈ ಬಿಗಿಯಾಗಿ, ಬಾಲ ನೆಟ್ಟಗೆ ನಿಂತು ತುದಿಯಷ್ಟೇ ಅಲ್ಲಾಡುತ್ತಿದ್ದರೆ ಅದು ಎಚ್ಚರಿಕೆ. ಪದೇಪದೇ ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಇದ್ದಕ್ಕಿದ್ದಂತೆ ಅಲುಗಾಡದೆ ನಿಲ್ಲುವುದು: ಇವೆಲ್ಲ “ಇನ್ನು ಹತ್ತಿರ ಬರಬೇಡ” ಎಂಬ ಸೂಚನೆ. ಗುರುಗುಟ್ಟುವುದು ಇವೆಲ್ಲದರ ನಂತರದ್ದು.

ರೇಬೀಸ್ ಲಕ್ಷಣಗಳು ತಿಳಿದಿರಲಿ. ಎಡತಾಕಿದ್ದನ್ನೆಲ್ಲ ಕಚ್ಚುವುದು, ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುವುದು, ನುಂಗಲಾಗದಿರುವುದು, ದನಿ ಬದಲಾಗುವುದು, ಹಿಂಗಾಲು ತಡವರಿಸುವುದು. ರೇಬೀಸ್ ಬಂದ ನಾಯಿ ಯಾವಾಗಲೂ ಹುಚ್ಚೆದ್ದು ಓಡಾಡುವುದಿಲ್ಲ; ಮಂಕಾಗಿ ಮೂಲೆಯಲ್ಲಿ ಕೂರುವ ಬಗೆಯೂ ಇದೆ. ಜನ ಮೋಸಹೋಗುವುದು ಇಲ್ಲೇ: “ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿರಬೇಕು” ಎಂದು ಬಾಯೊಳಗೆ ಕೈ ಹಾಕುತ್ತಾರೆ. ಈ ಲಕ್ಷಣ ಕಂಡರೆ ಮುಟ್ಟದೆ, ತರಬೇತಿ ಪಡೆದವರನ್ನು ಕರೆಯಿರಿ.

ಯಾವುದೇ ಪ್ರಾಣಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಕೂಡಲೇ ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅದೇ ದಿನ ವೈದ್ಯರನ್ನು ಕಾಣಿರಿ. ಕಚ್ಚಿದ ನಾಯಿ ಅಥವಾ ಬೆಕ್ಕನ್ನು 10 ದಿನ ಗಮನಿಸುವ ಕ್ರಮವಿದೆ. ಕಚ್ಚಿದ ಹೊತ್ತಿಗೆ ಅದರ ಜೊಲ್ಲಿನಲ್ಲಿ ವೈರಸ್ ಇದ್ದಿದ್ದರೆ ಆ ಅವಧಿಯೊಳಗೆ ಕಾಯಿಲೆ ಎದ್ದು ಕಾಣುತ್ತದೆ. ಆದರೆ 10 ದಿನ ನೋಡಿ ಆಮೇಲೆ ಲಸಿಕೆ ಹಾಕಿಸಿಕೊಳ್ಳೋಣ ಎಂದು ಕಾಯುವಂತಿಲ್ಲ. ಲಸಿಕೆ ಶುರುವಾಗಲಿ, ಮುಂದಿನದನ್ನು ವೈದ್ಯರು ತೀರ್ಮಾನಿಸುತ್ತಾರೆ. ಚರ್ಮ ಸೀಳಿ ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗುತ್ತದೆ. ಈ ಕೆಲಸವನ್ನು ಆಗಾಗ ಮಾಡುವವರು ಮುಂಚಿತವಾಗಿಯೇ ರೇಬೀಸ್ ಲಸಿಕೆ ಪಡೆದಿರುವುದು ಲೇಸು.

ಹಿಡಿಯುವುದು

ನಾಯಿಯ ಕಡೆಗೆ ನೇರವಾಗಿ ನಡೆಯಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಮೇಲಿನಿಂದ ಬಾಗಿ ತಲೆ ಸವರಲು ಹೋಗಬೇಡಿ. ಪಕ್ಕಕ್ಕೆ ತಿರುಗಿ ಕುಕ್ಕರಗಾಲಿನಲ್ಲಿ ಕೂತು, ಗಾಢ ವಾಸನೆಯ ತಿನಿಸಿನ ಚೂರುಗಳನ್ನು ಮೊದಲು ಅದರ ಹಿಂದಕ್ಕೆ, ಆಮೇಲೆ ಸ್ವಲ್ಪಸ್ವಲ್ಪವೇ ನಿಮ್ಮ ಕಡೆಗೆ ಬೀಳುವಂತೆ ಎಸೆಯಿರಿ. ಅದು ತಾನಾಗಿ ಬಂದು ಮೂಸಿದ ಮೇಲೆ ಎದೆ ಅಥವಾ ಕತ್ತಿನ ಪಕ್ಕ ಮುಟ್ಟಿ. ಬಿಗಿದುಕೊಳ್ಳುವ ಕುಣಿಕೆ ಹಗ್ಗ ಇದಕ್ಕೆ ಅನುಕೂಲ: ದೊಡ್ಡ ಕುಣಿಕೆಯ ನಡುವೆ ತಿನಿಸು ಹಿಡಿದರೆ ನಾಯಿಯೇ ತಲೆ ತೂರಿಸುತ್ತದೆ. ಮಾಮೂಲಿ ಕೊರಳಪಟ್ಟಿಯಿಂದ ಹೆದರಿದ ನಾಯಿ ಹಿಮ್ಮೆಟ್ಟಿ ಜಾರಿಕೊಳ್ಳುತ್ತದೆ. ಅಟ್ಟಿಸಿಕೊಂಡು ಹೋಗುವುದು ಮಾತ್ರ ಕೂಡದು. ಗುಂಪು ಕಟ್ಟಿಕೊಂಡು ಅಟ್ಟಿದ ನಾಯಿ ವಾಹನದ ಅಡಿಗೆ ಹೋಗುತ್ತದೆ, ಇಲ್ಲವೇ ಆ ಪ್ರದೇಶವನ್ನೇ ಬಿಟ್ಟುಹೋಗುತ್ತದೆ. ಒಬ್ಬರು ಹಿಡಿಯಲಿ, ಇನ್ನೊಬ್ಬರು ತಪ್ಪಿಸಿಕೊಳ್ಳುವ ದಾರಿಗೆ ಅಡ್ಡ ನಿಲ್ಲಲಿ, ಅಷ್ಟೇ.

ಬೆಕ್ಕನ್ನು ಎಷ್ಟೇ ಸಾಧುವಾಗಿದ್ದರೂ ತೋಳಲ್ಲಿ ಎತ್ತಿಕೊಂಡು ರಸ್ತೆ ದಾಟಬೇಡಿ. ಒಂದು ಹಾರ್ನ್ ಸದ್ದಿಗೆ ಅದು ಕೈ ಸೀಳಿಕೊಂಡು ಓಡುತ್ತದೆ. ಗಟ್ಟಿ ಕ್ಯಾರಿಯರ್ ತಂದು, ಬಾಗಿಲು ಮೇಲ್ಮುಖವಾಗಿ ನಿಲ್ಲಿಸಿ, ದಪ್ಪ ಟವೆಲಿನಲ್ಲಿ ಬೆಕ್ಕನ್ನು ಸುತ್ತಿ, ಹಿಂಭಾಗ ಮೊದಲು ಇಳಿಯುವಂತೆ ಒಳಗಿಡಿ. ತಲೆ ಮೊದಲು ತುರುಕಲು ಹೋದರೆ ನಾಲ್ಕು ಕಾಲನ್ನೂ ಬಾಗಿಲಿಗೆ ಆನಿಸಿ ನಿಲ್ಲುತ್ತದೆ.

ಕೈಗೆ ಸಿಗದ ಬೆಕ್ಕಿಗೆ ಬೋನು ಬೇಕು. ಶೆಲ್ಟರ್‌ನಿಂದ ಎರವಲು ಕೇಳಿ. ಬೋನಿಟ್ಟಾಗ ವಿಫಲವಾಗುವುದಕ್ಕೆ ಸಾಮಾನ್ಯ ಕಾರಣ ಬೆಕ್ಕಿಗೆ ಹಸಿವಿಲ್ಲದಿರುವುದು. ಆ ಬೆಕ್ಕಿಗೆ ಊಟ ಹಾಕುವ ಎಲ್ಲರಿಗೂ ಹೇಳಿ, ಸುಮಾರು 24 ಗಂಟೆ ಊಟ ನಿಲ್ಲಿಸಿ, ನೀರು ಮಾತ್ರ ಇಡಿ. ಮರಿಗಳಿಗೆ ಇಷ್ಟು ಹೊತ್ತು ಉಪವಾಸ ಕೂಡದು. ಬೋನಿನ ತಳಕ್ಕೆ ಕಾಗದ ಹಾಸಿ, ತಂತಿಯ ಮೇಲೆ ಕಾಲಿಡಲು ಬೆಕ್ಕು ಹಿಂಜರಿಯುತ್ತದೆ. ಮೀನಿನಂಥ ವಾಸನೆಯ ಆಹಾರವನ್ನು ಒತ್ತುಪಟ್ಟಿಯ (ಕಾಲಿಟ್ಟರೆ ಬಾಗಿಲು ಬೀಳಿಸುವ ಪಟ್ಟಿಯ) ಆಚೆಗೆ, ಬೋನಿನ ಕಟ್ಟಕಡೆಯಲ್ಲಿಡಿ. ಬಾಗಿಲಿಂದ ಒಳಗಿನವರೆಗೆ ಒಂದೆರಡು ಹನಿ ರಸ ಸುರಿಯಿರಿ. ಬೋನನ್ನು ಬಿಟ್ಟುಹೋಗಬೇಡಿ, ಕಣ್ಣಳತೆಯಲ್ಲೇ ಇರಿ. ಬಾಗಿಲು ಬಿದ್ದ ಕೂಡಲೇ ಇಡೀ ಬೋನಿಗೆ ದಪ್ಪ ಬಟ್ಟೆ ಮುಚ್ಚಿ. ಕತ್ತಲಾದರೆ ಬೆಕ್ಕು ತಂತಿಗೆ ತಲೆ ಚಚ್ಚಿಕೊಳ್ಳುವುದನ್ನು ನಿಲ್ಲಿಸುತ್ತದೆ. ಹೆಣ್ಣುಬೆಕ್ಕಿನ ಮೊಲೆತೊಟ್ಟುಗಳು ಹಿಗ್ಗಿ, ಸುತ್ತಲಿನ ಕೂದಲು ಉದುರಿದ್ದರೆ ಎಲ್ಲೋ ಮರಿಗಳಿವೆ. ಅವು ಸಿಗುವವರೆಗೆ ತಾಯಿಯನ್ನು ದೂರ ಸಾಗಿಸಬೇಡಿ.

ಮೊದಲ ಇಪ್ಪತ್ತನಾಲ್ಕು ಗಂಟೆ

ತಂದ ಪ್ರಾಣಿಯನ್ನು ಮನೆಯ ಬೇರೆ ಪ್ರಾಣಿಗಳಿಂದ ಬೇರ್ಪಡಿಸಿ, ಬಾಗಿಲು ಹಾಕುವ ಸಣ್ಣ ಕೋಣೆಯಲ್ಲಿಡಿ. ಬೆಕ್ಕಿಗೆ ಅಡಗಲು ಒಂದು ರಟ್ಟಿನ ಪೆಟ್ಟಿಗೆ ಕಡ್ಡಾಯ. ಸ್ನಾನ ಮಾಡಿಸುವ ಆತುರ ಬೇಡ. ಹೆದರಿದ, ನಿತ್ರಾಣವಾದ ಪ್ರಾಣಿಗೆ ಅದು ಇನ್ನೊಂದು ಆಘಾತ, ಮೈ ತಣ್ಣಗಾಗುವ ಅಪಾಯವೂ ಇದೆ.

ನಂತರ ಮೂಗಿನಿಂದ ಬಾಲದವರೆಗೆ ನೋಡಿ ಬರೆದಿಡಿ. ಒಸಡು ನಸುಗೆಂಪಾಗಿರಬೇಕು, ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಹೆಗಲ ಮೇಲಿನ ಚರ್ಮ ಎಳೆದು ಬಿಟ್ಟಾಗ ಮಡಿಕೆ ನಿಧಾನಕ್ಕೆ ಇಳಿದರೆ ಮೈಯಲ್ಲಿ ನೀರಿನಂಶ ಕಡಿಮೆಯಾಗಿದೆ. ನಾಯಿ, ಬೆಕ್ಕುಗಳ ಮೈಬಿಸಿ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. ವಿಶ್ರಾಂತಿಯಲ್ಲಿರುವಾಗ ಉಸಿರು ನಿಮಿಷಕ್ಕೆ 30ರೊಳಗಿರಬೇಕು. ಒಸಡು ಬಿಳಿ, ನೀಲಿ ಅಥವಾ ಹಳದಿಯಾಗಿದ್ದರೆ, ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮರಿಗೆ ರಕ್ತಭೇದಿಯಿದ್ದರೆ, ಗಾಯದಲ್ಲಿ ಹುಳು ಬಿದ್ದಿದ್ದರೆ, ಗಂಡುಬೆಕ್ಕು ಮೂತ್ರಕ್ಕೆ ಕೂತು ಕೂತು ಒಂದು ಹನಿಯೂ ಬಾರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಪಶುವೈದ್ಯರಲ್ಲಿಗೆ ಹೊರಡಿ.

ಎಲುಬು ಎಣಿಸುವಷ್ಟು ಬಡಕಲಾದ ಪ್ರಾಣಿಗೆ ಹೊಟ್ಟೆ ತುಂಬ ಬಡಿಸುವುದು ಸಹಜ ಕರುಣೆ, ಆದರೆ ಅದೇ ಪ್ರಾಣ ತೆಗೆಯಬಹುದು. ಬಹುದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಆಹಾರ ಬಿದ್ದಾಗ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಜೀವಕೋಶಗಳೊಳಗೆ ಸರಿದು ಹೃದಯ ಮತ್ತು ಸ್ನಾಯುಗಳು ಸೋಲುತ್ತವೆ. ಮೊದಲ ದಿನ ಅದರ ತೂಕಕ್ಕೆ ಬೇಕಾದ ಆಹಾರದ ಕಾಲುಭಾಗ, ಎರಡನೇ ದಿನ ಅರ್ಧ, ಮೂರನೇ ದಿನ ಮುಕ್ಕಾಲು ಕೊಟ್ಟು, ಮುಂದೆ ಪೂರ್ತಿಗೆ ಬನ್ನಿ. ಅದನ್ನೂ ದಿನಕ್ಕೆ ನಾಲ್ಕಾರು ಸಲ ಹಂಚಿ, ವೈದ್ಯರ ಗಮನದಲ್ಲಿಟ್ಟು ಕೊಡಿ. ಬೆಕ್ಕಿನ ವಿಷಯದಲ್ಲಿ ತಿರುಗಾಮುರುಗಾ ಅಪಾಯವೂ ಇದೆ: ಹೆದರಿಕೆಯಿಂದ ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿಗೆ, ಅದರಲ್ಲೂ ದಪ್ಪಗಿದ್ದರೆ, ಯಕೃತ್ತಿನಲ್ಲಿ ಕೊಬ್ಬು ಕಟ್ಟಿಕೊಂಡು ಪ್ರಾಣಕ್ಕೆ ಕುತ್ತು ಬರುತ್ತದೆ.

ಮನೆಯ ಔಷಧಿ ಡಬ್ಬಿಯನ್ನು ಮುಟ್ಟಬೇಡಿ. ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಐಬುಪ್ರೊಫೆನ್ ನಾಯಿಗೂ ವಿಷ. ನಾಯಿಗೆಂದು ಮಾರುವ ಪರ್ಮೆಥ್ರಿನ್ ಇರುವ ಚಿಗಟದ ಔಷಧಿಯನ್ನು ಬೆಕ್ಕಿಗೆ ಹಚ್ಚಿದರೆ ನಡುಕ, ಸೆಳವು ಬರುತ್ತದೆ.

ಹಾಲುಕುಡಿಯುವ ಮರಿಗಳು ಸಿಕ್ಕರೆ

ಬೆಕ್ಕಿನ ಮರಿಗಳ ಗೂಡು ಕಂಡ ಕೂಡಲೇ ಎತ್ತಬೇಡಿ. ತಾಯಿ ಆಹಾರಕ್ಕಾಗಿ ಗಂಟೆಗಟ್ಟಲೆ ಹೊರಗಿರುತ್ತದೆ. ಮರಿಗಳು ಬೆಚ್ಚಗೆ, ಸ್ವಚ್ಛವಾಗಿ, ಸದ್ದಿಲ್ಲದೆ ಮಲಗಿದ್ದರೆ ತಾಯಿ ಬಂದುಹೋಗುತ್ತಿದ್ದಾಳೆ. ಸುತ್ತ ತೆಳ್ಳಗೆ ಹಿಟ್ಟು ಉದುರಿಸಿ ಕೆಲವು ಗಂಟೆ ದೂರ ಹೋಗಿ ಬಂದರೆ ಹೆಜ್ಜೆಗುರುತು ಹೇಳುತ್ತದೆ. ಕೊಳೆಯಾಗಿ, ತಣ್ಣಗೆ, ಎಡೆಬಿಡದೆ ಅರಚುತ್ತಿದ್ದರೆ ಅಥವಾ ಜಾಗ ಅಪಾಯದ್ದಾಗಿದ್ದರೆ ಮಾತ್ರ ಎತ್ತಿಕೊಳ್ಳಿ.

ವಯಸ್ಸು ಅಂದಾಜಿಸುವುದು ಹೀಗೆ. ಕಣ್ಣು ತೆರೆಯುವುದು 7ರಿಂದ 14 ದಿನದ ನಡುವೆ. ಮೂರನೇ ವಾರದ ಹೊತ್ತಿಗೆ ಮುಂದಿನ ಪುಟ್ಟ ಹಲ್ಲುಗಳು ಮೂಡಿ, ಕಿವಿ ನೆಟ್ಟಗಾಗುತ್ತದೆ. ನಾಲ್ಕರ ಹೊತ್ತಿಗೆ ಕೋರೆಹಲ್ಲು ಬಂದಿರುತ್ತದೆ, ಓಡಾಟ ಶುರುವಾಗಿರುತ್ತದೆ. ಎಂಟನೇ ವಾರಕ್ಕೆ ಆರೋಗ್ಯವಂತ ಬೆಕ್ಕಿನ ಮರಿ ಸುಮಾರು 900 ಗ್ರಾಂ ತೂಗುತ್ತದೆ.

ಮರಿ ಸಾಯುವುದು ಹಸಿವಿಗಿಂತ ಮೊದಲು ಚಳಿಗೆ. ಮೊದಲ ವಾರ ಅದಕ್ಕೆ ಸುತ್ತಲಿನ ಬಿಸಿ 29ರಿಂದ 32 ಡಿಗ್ರಿ ಬೇಕು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪೆಟ್ಟಿಗೆಯ ಒಂದು ಬದಿಗಷ್ಟೇ ಇಡಿ, ಸೆಕೆಯಾದರೆ ಮರಿ ಆಚೆ ತೆವಳಲು ಜಾಗ ಇರಲಿ. ಮೈ ತಣ್ಣಗಿರುವ ಮರಿಗೆ ಹಾಲು ಕೊಡಲೇಬಾರದು: 35 ಡಿಗ್ರಿಗಿಂತ ಕೆಳಗಿಳಿದ ದೇಹದಲ್ಲಿ ಕರುಳು ಕೆಲಸ ನಿಲ್ಲಿಸಿರುತ್ತದೆ, ಹಾಲು ಹೊಟ್ಟೆಯಲ್ಲೇ ಕೊಳೆಯುತ್ತದೆ ಅಥವಾ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲು ನಿಧಾನವಾಗಿ ಬೆಚ್ಚಗಾಗಿಸಿ, ಆಮೇಲೆ ಹಾಲು.

ಹಾಲು ಎಂದರೆ ಮರಿಗಳಿಗೆಂದೇ ತಯಾರಿಸಿದ ಹಾಲಿನಪುಡಿ. ಹಸುವಿನ ಹಾಲಿನಲ್ಲಿ ಅವಕ್ಕೆ ಬೇಕಾದ ಪ್ರೋಟೀನ್, ಕೊಬ್ಬು ಸಾಲದು. ಲ್ಯಾಕ್ಟೋಸ್‌ನಿಂದ ಭೇದಿಯಾಗುತ್ತದೆ, ಅಷ್ಟು ಪುಟ್ಟ ದೇಹ ಭೇದಿಯನ್ನು ತಡೆದುಕೊಳ್ಳುವುದಿಲ್ಲ. ಬೆಕ್ಕಿನ ಮರಿಯಾದರೆ 100 ಗ್ರಾಂ ತೂಕಕ್ಕೆ ದಿನಕ್ಕೆ 20ರಿಂದ 25 ಮಿಲಿಲೀಟರ್, ಒಂದು ಸಲಕ್ಕೆ ಹೆಚ್ಚೆಂದರೆ ಸುಮಾರು 4 ಮಿಲಿಲೀಟರ್ ಲೆಕ್ಕ. ಮೊದಲೆರಡು ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಮರಿಯನ್ನು ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗುತ್ತದೆ. ಹೊಟ್ಟೆಯ ಮೇಲೆ, ತಾಯಿಯ ಪಕ್ಕ ಮಲಗಿದ ಭಂಗಿಯಲ್ಲೇ ಕುಡಿಸಿ. ಪ್ರತಿ ಊಟದ ಹೊತ್ತಿಗೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಭಾಗ ಮೆಲ್ಲಗೆ ಉಜ್ಜಿ ಮೂತ್ರ, ಮಲ ಮಾಡಿಸಿ. ಮೂರು ವಾರದವರೆಗೆ ಅವು ತಾವಾಗಿ ಮಾಡಲಾರವು. ದಿನವೂ ಅದೇ ಹೊತ್ತಿಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ: ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಒಂದು ದಿನ ಏರದಿದ್ದರೆ ಎಚ್ಚರ, ಇಳಿದರೆ ವೈದ್ಯರಲ್ಲಿಗೆ. ಇಷ್ಟು ಮಾಡಲು ಮನೆಯಲ್ಲಿ ಜನವಿಲ್ಲದಿದ್ದರೆ ಸಂಕೋಚ ಬೇಡ, ಶೆಲ್ಟರ್‌ನ ಅನುಭವಿ ಫಾಸ್ಟರ್ ಮನೆಗೆ (ದತ್ತು ಹೋಗುವವರೆಗೆ ತಾತ್ಕಾಲಿಕವಾಗಿ ಸಾಕುವವರ ಮನೆಗೆ) ಅಂದೇ ಒಪ್ಪಿಸಿ.

ಮಾಲೀಕರನ್ನು ಹುಡುಕುವುದು

“ಈ ಸ್ಥಿತಿಗೆ ಬಿಟ್ಟವರಿಗೆ ವಾಪಸು ಕೊಡಬೇಕೇ” ಎಂಬ ಸಿಟ್ಟು ಬರುತ್ತದೆ. ಆದರೆ ತಿಂಗಳ ಹಿಂದೆ ಪಟಾಕಿಗೋ ಗುಡುಗಿಗೋ ಹೆದರಿ ಓಡಿದ, ಮನೆಯವರು ಇನ್ನೂ ಹುಡುಕುತ್ತಿರುವ ನಾಯಿಯೂ ಹೀಗೇ ಬಡಕಲಾಗಿ, ಗಾಯಗೊಂಡು, ಕೊಳಕಾಗಿಯೇ ಸಿಗುತ್ತದೆ.

ಮೊದಲ ದಿನವೇ ಪಶುವೈದ್ಯರಲ್ಲೋ ಶೆಲ್ಟರ್‌ನಲ್ಲೋ ಮೈಕ್ರೋಚಿಪ್ ಪರೀಕ್ಷೆ ಮಾಡಿಸಿ. ಗುರುತಿನ ಸಂಖ್ಯೆಯಿರುವ, ಅಕ್ಕಿಕಾಳಿನಷ್ಟು ದೊಡ್ಡ ಆ ಚಿಪ್ ಅನ್ನು ಹೆಗಲ ಮೂಳೆಗಳ ನಡುವೆ ಚರ್ಮದಡಿ ಹಾಕಿರುತ್ತಾರೆ, ಆದರೆ ಅದು ಭುಜಕ್ಕೆ, ಮುಂಗಾಲಿಗೆ, ಪಕ್ಕೆಗೆ ಸರಿದಿರಬಹುದು. ಸ್ಕ್ಯಾನರನ್ನು ಮೈಗೆ ತಾಗಿಸಿ ನಿಧಾನವಾಗಿ ಅಡ್ಡಡ್ಡ ಸರಿಸುತ್ತ ಇಡೀ ಮೈ ನೋಡಬೇಕು. ಕೊರಳಪಟ್ಟಿಯ ಲೋಹ ಅಡ್ಡಿಯಾಗುವುದರಿಂದ ಅದನ್ನು ಬಿಚ್ಚಿರಬೇಕು. ಒಮ್ಮೆ ಸಿಗದಿದ್ದರೆ ಇನ್ನೊಂದು ದಿನ, ಇನ್ನೊಂದು ಸ್ಕ್ಯಾನರಿನಲ್ಲಿ ನೋಡಿಸಿ. ಎಲ್ಲ ಸ್ಕ್ಯಾನರುಗಳೂ ಎಲ್ಲ ತರಂಗಾಂತರದ ಚಿಪ್‌ಗಳನ್ನು ಓದುವುದಿಲ್ಲ. ಸಿಗುವ ಸಂಖ್ಯೆ ಸಾಮಾನ್ಯವಾಗಿ 15 ಅಂಕಿಯದು. ಅದು ಬರೀ ಸಂಖ್ಯೆ, ಹೆಸರು, ವಿಳಾಸವೆಲ್ಲ ನೋಂದಣಿ ಪಟ್ಟಿಯಲ್ಲಿರುತ್ತದೆ.

ಸಿಕ್ಕ ಜಾಗದ ಸುತ್ತಮುತ್ತ, ಹತ್ತಿರದ ಪಶು ಆಸ್ಪತ್ರೆಗಳಲ್ಲಿ, ಪ್ರಾಣಿ ಕಳೆದುಕೊಂಡವರ ಗುಂಪುಗಳಲ್ಲಿ “ಸಿಕ್ಕಿದೆ” ಎಂಬ ಫೋಟೋ ಹಾಕಿ. ಜನ ಎಡವುವುದು ಇಲ್ಲಿ: ಎಲ್ಲ ಗುರುತುಗಳನ್ನೂ ಬರೆದುಬಿಡುತ್ತಾರೆ. ಹಾಗೆ ಮಾಡಬೇಡಿ. ಹೊಟ್ಟೆಯ ಮಚ್ಚೆ, ಹಳೆಯ ಗಾಯದ ಕಲೆ, ಪಟ್ಟಿಯ ಬಣ್ಣ, ಇವುಗಳಲ್ಲಿ ಒಂದನ್ನಾದರೂ ಮುಚ್ಚಿಡಿ. ನಿಜವಾದ ಮಾಲೀಕರು ಅದನ್ನು ತಾವೇ ಹೇಳುತ್ತಾರೆ. ಹಳೆಯ ಫೋಟೋ, ಲಸಿಕೆ ಪುಸ್ತಕ ತೋರಿಸುತ್ತಾರೆ. ಸಿಕ್ಕ ಪ್ರಾಣಿಯನ್ನು ಎಷ್ಟು ದಿನ ಇಟ್ಟುಕೊಂಡು ಕಾಯಬೇಕು ಎಂಬುದಕ್ಕೆ ಹಲವು ಕಡೆ ನಿಯಮವಿರುತ್ತದೆ. ಅದು ಮುಗಿಯುವ ಮೊದಲು ದತ್ತು ಕೊಟ್ಟರೆ ಮುಂದೆ ಹೊಸ ಮನೆಯವರ ಕೈಯಿಂದ ಪ್ರಾಣಿಯನ್ನು ಕಿತ್ತುಕೊಳ್ಳುವ ಸಂದರ್ಭ ಬರುತ್ತದೆ. ಶೆಲ್ಟರ್‌ನಲ್ಲಿ ದಾಖಲಿಸುವುದರ ದೊಡ್ಡ ಲಾಭವೇ ಈ ಕಾನೂನಿನ ಗಡಿಯಾರ ಅಂದಿನಿಂದ ಓಡಲು ಶುರುವಾಗುವುದು.

ಶೆಲ್ಟರ್‌ ಜೊತೆ ವ್ಯವಹಾರ

ಪ್ರಾಣಿಯನ್ನು ಹೊತ್ತುಕೊಂಡು ನೇರ ಬಾಗಿಲಿಗೆ ಹೋಗುವುದಕ್ಕಿಂತ ಮೊದಲು ಫೋನ್ ಮಾಡಿ. ಕೆಲವು ಶೆಲ್ಟರ್‌ಗಳು ತಂದದ್ದನ್ನೆಲ್ಲ ತೆಗೆದುಕೊಳ್ಳುತ್ತವೆ, ಕೆಲವು ಜಾಗವಿದ್ದರೆ ಮಾತ್ರ. ಕೇಳಬೇಕಾದದ್ದು ನೇರವಾಗಿ ಕೇಳಿ: ಈಗ ಜಾಗವಿದೆಯೇ, ಹೊಸದಾಗಿ ಬಂದವನ್ನು ಬೇರೆ ಇಡುವ ವ್ಯವಸ್ಥೆ ಇದೆಯೇ, ಬಂದ ದಿನವೇ ಲಸಿಕೆ ಹಾಕುತ್ತೀರಾ, ಪಶುವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಯಾವ ಸಂದರ್ಭದಲ್ಲಿ ದಯಾಮರಣ ಕೊಡುತ್ತೀರಿ, ದತ್ತು ಕೊಡುವ ಮೊದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುತ್ತೀರಾ. ದಯಾಮರಣದ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡುವ ಶೆಲ್ಟರ್ ಮೇಲೆ, “ನಮ್ಮಲ್ಲಿ ಅಂಥದ್ದೇನಿಲ್ಲ” ಎಂದು ಜಾರಿಕೊಳ್ಳುವುದಕ್ಕಿಂತ ಹೆಚ್ಚು ನಂಬಿಕೆ ಇಡಬಹುದು. ಒಮ್ಮೆ ಹೋಗಿ ನೋಡಿ ಬನ್ನಿ: ಗೂಡುಗಳಲ್ಲಿ ಕುಡಿಯುವ ನೀರಿದೆಯೇ, ನೆಲ ಒಣಗಿದೆಯೇ, ಕೆಮ್ಮುವ ಪ್ರಾಣಿಗಳು ಬೇರೆ ಇವೆಯೇ. ಜಾಗವಿಲ್ಲ ಎಂದರೆ ಮಾತು ಅಲ್ಲಿಗೇ ಮುಗಿಸಬೇಡಿ. “ಪ್ರಾಣಿ ನಮ್ಮ ಮನೆಯಲ್ಲೇ ಇರಲಿ; ಲಸಿಕೆ, ಶಸ್ತ್ರಚಿಕಿತ್ಸೆ, ದತ್ತು ಜಾಹೀರಾತು ನಿಮ್ಮ ಮೂಲಕ ಆಗಲಿ” ಎಂದು ಕೇಳಿ. ಬಹಳಷ್ಟು ಕಡೆ ಇದಕ್ಕೆ ಸಂತೋಷದಿಂದ ಒಪ್ಪುತ್ತಾರೆ. ಪ್ರಾಣಿಗೂ ಇದೇ ಉತ್ತಮ: ಗೂಡಿನಲ್ಲಿ ಬೊಗಳುವ ನಾಯಿ ಮನೆಯಲ್ಲಿ ಹೇಗಿರುತ್ತದೆ ಎಂದು ಶೆಲ್ಟರ್‌ನವರಿಗೆ ಗೊತ್ತಾಗುವುದಿಲ್ಲ, ನಿಮಗೆ ಗೊತ್ತಾಗುತ್ತದೆ.

ಒಪ್ಪಿಸುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಡಿ:

- ಸಿಕ್ಕ ದಿನ, ಹೊತ್ತು, ಜಾಗದ ನಿಖರ ಗುರುತು, ಆಗಿನ ಫೋಟೋ
- ತೂಕ, ಅಂದಾಜು ವಯಸ್ಸು, ಕಂಡ ಗಾಯ ಮತ್ತು ಲಕ್ಷಣಗಳು. ಯಾರಿಗಾದರೂ ಕಚ್ಚಿದ್ದರೆ ಅದು, ತಪ್ಪದೆ
- ಕೊಟ್ಟ ಆಹಾರ, ಔಷಧಿ, ಪ್ರಮಾಣ. ಮಲ, ಮೂತ್ರ ಹೇಗಿತ್ತು
- ಗಂಡಸರು, ಹೆಂಗಸರು, ಮಕ್ಕಳು, ಇತರ ನಾಯಿ, ಬೆಕ್ಕುಗಳ ಎದುರು ಹೇಗೆ ನಡೆದುಕೊಂಡಿತು
- ಊಟದ ತಟ್ಟೆಯ ಹತ್ತಿರ ಹೋದರೆ, ಕಿವಿ, ಪಂಜ ಮುಟ್ಟಿದರೆ ಏನು ಮಾಡುತ್ತದೆ
- ಮಾಲೀಕರನ್ನು ಹುಡುಕಲು ಈವರೆಗೆ ಮಾಡಿದ್ದು, ಚಿಪ್ ಪರೀಕ್ಷೆಯ ಫಲ

ದಾಖಲೆ ಸಂಖ್ಯೆ ಪಡೆಯದೆ ಹೊರಬರಬೇಡಿ.

ಮನೆಯಲ್ಲಿ ಇಟ್ಟುಕೊಂಡರೆ

ಮನೆಯ ಪ್ರಾಣಿಗಳಿಂದ 14 ದಿನ ಬೇರೆ. ವಾಂತಿ, ರಕ್ತಭೇದಿ ತರುವ ವೈರಸ್ ಕಾಯಿಲೆ ಪಾರ್ವೋ ಸಾಮಾನ್ಯವಾಗಿ ಸೋಂಕು ತಗುಲಿದ ಒಂದೆರಡು ವಾರದೊಳಗೆ ಹೊರಬೀಳುತ್ತದೆ. ಇಂದು ಕುಣಿಯುತ್ತಿರುವ ಮರಿ ನಾಲ್ಕನೇ ದಿನ ವಾಂತಿ ಮಾಡಬಹುದು. ನಾಯಿಗಳ ಇನ್ನೊಂದು ವೈರಸ್ ಕಾಯಿಲೆ ಡಿಸ್ಟೆಂಪರ್ ಇನ್ನೂ ತಡವಾಗಿ ಕಾಣಿಸಿಕೊಳ್ಳುವುದುಂಟು, ಹಾಗಾಗಿ ಕಣ್ಣು, ಮೂಗು ಸೋರುವುದು, ಕೆಮ್ಮು, ಸ್ನಾಯು ಅದುರುವುದು ಕಂಡರೆ ಅವಧಿ ಮುಗಿದಿದ್ದರೂ ಒಳಗೆ ಬಿಡಬೇಡಿ. ಆ ಕೋಣೆಗೆ ಬೇರೆ ಚಪ್ಪಲಿ, ಬೇರೆ ಬಟ್ಟೆ, ಬೇರೆ ಪಾತ್ರೆ. ಮನೆಯ ಪ್ರಾಣಿಗಳ ಊಟ, ಸುತ್ತಾಟ ಮುಗಿಸಿ ಕೊನೆಗೆ ಆ ಕೋಣೆಗೆ ಹೋಗಿ.

ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಮಾಮೂಲಿ ಫಿನಾಯಿಲ್‌ಗೆ ಜಗ್ಗುವುದಿಲ್ಲ. ಫಿನಾಯಿಲ್ ಬೆಕ್ಕಿಗೆ ವಿಷವೂ ಹೌದು. ಮೊದಲು ಸೋಪಿನಿಂದ ಕೊಳೆ ಪೂರ್ತಿ ತೆಗೆದು, ನಂತರ ಒಂದು ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ಬಳಿದು 10 ನಿಮಿಷ ಒದ್ದೆಯಾಗಿಯೇ ಬಿಟ್ಟು, ತೊಳೆದು ಒಣಗಿಸಿ. ಕೊಳೆಯ ಮೇಲೆಯೇ ಬ್ಲೀಚ್ ಸುರಿದರೆ ಕೆಲಸ ಮಾಡುವುದಿಲ್ಲ. ವೃತ್ತಾಕಾರದಲ್ಲಿ ಕೂದಲುದುರಿ ಹೊಪ್ಪಳೆಯೆದ್ದಿದ್ದರೆ ಹುಳುಕಡ್ಡಿ ಇರಬಹುದು; ಅದು ಮನುಷ್ಯರಿಗೂ ಹತ್ತುತ್ತದೆ, ಕೈಗವಸು ಹಾಕಿ.

ಲಸಿಕೆ, ಪರೀಕ್ಷೆ, ಶಸ್ತ್ರಚಿಕಿತ್ಸೆ

ಜಂತುಹುಳದ ಔಷಧಿ ಮರಿಗಳಿಗೆ 2 ವಾರದಿಂದಲೇ ಶುರು, 8 ವಾರದವರೆಗೆ ಎರಡು ವಾರಕ್ಕೊಮ್ಮೆ. ಲಸಿಕೆ ಮನೆಯ ಮರಿಗಳಿಗೆ 6ರಿಂದ 8 ವಾರಕ್ಕೆ ಆರಂಭವಾದರೆ, ಶೆಲ್ಟರ್‌ಗೆ ಬಂದ ಮರಿಗಳಿಗೆ 4 ವಾರದಿಂದಲೇ ಹಾಕುವುದುಂಟು, ಅಲ್ಲಿ ಸೋಂಕು ಹೆಚ್ಚು. “ಒಂದು ಡೋಸ್ ಆಗಿದೆ” ಎಂಬುದು ಸುಳ್ಳು ಧೈರ್ಯ. ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನು ನಿಷ್ಫಲ ಮಾಡಬಹುದು. ಅವು ಯಾವ ಮರಿಯಲ್ಲಿ ಯಾವಾಗ ಕರಗುತ್ತವೆಂದು ಹೇಳಲಾಗದು. ಅದಕ್ಕೇ 2ರಿಂದ 4 ವಾರಕ್ಕೊಮ್ಮೆ, ಕನಿಷ್ಠ 16 ವಾರದವರೆಗೆ ಮತ್ತೆ ಮತ್ತೆ ಹಾಕುತ್ತಾರೆ.

ಬೆಕ್ಕಿಗೆ ಎಫ್‌ಐವಿ ಮತ್ತು ಎಫ್‌ಇಎಲ್‌ವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಂದಿಸುವ ಎರಡು ವೈರಸ್) ರಕ್ತಪರೀಕ್ಷೆ ಮಾಡಿಸಿ. ಆರು ತಿಂಗಳೊಳಗಿನ ಮರಿಗೆ ಎಫ್‌ಐವಿ ಇದೆ ಎಂದು ಬಂದರೆ ಅದು ತಾಯಿಯ ಪ್ರತಿಕಾಯವೂ ಇರಬಹುದು. ಮರುಪರೀಕ್ಷೆಯಿಲ್ಲದೆ ಅದರ ಹಣೆಬರಹ ನಿರ್ಧರಿಸಬೇಡಿ. ಸಂತಾನಹರಣವನ್ನು ಶೆಲ್ಟರ್ ಪಶುವೈದ್ಯರು 8 ವಾರದ, ಒಂದು ಕಿಲೋದ ಆಸುಪಾಸಿನ ಆರೋಗ್ಯವಂತ ಮರಿಗೂ ಮಾಡುತ್ತಾರೆ. ಹೆಣ್ಣುಬೆಕ್ಕು ನಾಲ್ಕು ತಿಂಗಳಿಗೇ ಗಬ್ಬವಾಗಬಲ್ಲದು. “ದತ್ತು ಕೊಟ್ಟ ಮೇಲೆ ಅವರೇ ಮಾಡಿಸುತ್ತಾರೆ” ಎಂಬ ಭರವಸೆ ಎಷ್ಟೋ ಸಲ ಈಡೇರುವುದಿಲ್ಲ, ಆದಷ್ಟೂ ಮೊದಲೇ ಮುಗಿಸಿ.

ಜಾಹೀರಾತು ಮತ್ತು ಮನೆ ಆರಿಸುವುದು

ಫೋಟೋವನ್ನು ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಕೂತು, ಹಗಲ ಬೆಳಕಿನಲ್ಲಿ, ಫ್ಲ್ಯಾಷ್ ಇಲ್ಲದೆ ತೆಗೆಯಿರಿ. ಕಪ್ಪು ಪ್ರಾಣಿಗೆ ತಿಳಿಬಣ್ಣದ ಹಿನ್ನೆಲೆ ಬೇಕು, ಇಲ್ಲದಿದ್ದರೆ ಮುಖವೇ ಕಾಣುವುದಿಲ್ಲ. ಸರಪಳಿ, ಗೂಡಿನ ಕಂಬಿ ಚಿತ್ರದಲ್ಲಿ ಬೇಡ. ಬರಹದಲ್ಲಿ ಕಣ್ಣೀರಿನ ಕಥೆಗಿಂತ ದಿನಚರಿ ಇರಲಿ: ಎಷ್ಟು ಹೊತ್ತು ಒಂಟಿಯಾಗಿರುತ್ತದೆ, ಮೆಟ್ಟಿಲು ಹತ್ತುತ್ತದೆಯೇ, ಮಲಮೂತ್ರದ ಶಿಸ್ತು ಬಂದಿದೆಯೇ, ಏನಕ್ಕೆ ಹೆದರುತ್ತದೆ. ದೋಷ ಮುಚ್ಚಿಟ್ಟು ಕೊಟ್ಟ ಪ್ರಾಣಿ ವಾಪಸು ಬರುತ್ತದೆ. “ಉಚಿತ” ಎಂಬ ಪದವನ್ನು ಹಾಕಬೇಡಿ. ಮರುಮಾರಾಟಕ್ಕೆ ಒಯ್ಯುವವರನ್ನು ಅದು ಸೆಳೆಯುತ್ತದೆ.

ಬಂದವರನ್ನು ಪ್ರಶ್ನೆಪತ್ರಿಕೆ ಹಿಡಿದು ವಿಚಾರಣೆ ಮಾಡುವುದಕ್ಕಿಂತ ಮಾತಿಗೆ ಕೂರಿಸಿ. “ಹಿಂದೆ ಸಾಕಿದ ಪ್ರಾಣಿಗೆ ಏನಾಯಿತು?”, “ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ?”, “ಸೋಫಾ ಹರಿದರೆ ಏನು ಮಾಡುವಿರಿ?” ಎಂಬಂಥ ಪ್ರಶ್ನೆಗಳಿಗೆ ಹೌದು, ಇಲ್ಲ ಎಂದು ಉತ್ತರಿಸಿ ತಪ್ಪಿಸಿಕೊಳ್ಳಲಾಗದು. ಮನೆಯ ಎಲ್ಲರೂ ಒಪ್ಪಿದ್ದಾರೆಯೇ, ಬಾಡಿಗೆ ಮನೆಯಾದರೆ ಮಾಲೀಕರ ಅನುಮತಿ ಬರವಣಿಗೆಯಲ್ಲಿದೆಯೇ ನೋಡಿ. ಮಹಡಿ ಮನೆಗೆ ಬೆಕ್ಕು ಕೊಡುವುದಾದರೆ ಬಾಲ್ಕನಿ, ಕಿಟಕಿಗೆ ಬಲೆ ಹಾಕಿರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಕೊಡಿ. ಅಷ್ಟೆಂದ ಮಾತ್ರಕ್ಕೆ, ತೋಟವಿಲ್ಲ, ಕೆಲಸಕ್ಕೆ ಹೋಗುತ್ತಾರೆ ಎಂಬ ಕಾರಣಕ್ಕೇ ಒಳ್ಳೆಯವರನ್ನು ತಿರಸ್ಕರಿಸುವುದು ತಪ್ಪು. ಆ ಗೂಡಿಗಾಗಿ ಇನ್ನೊಂದು ಪ್ರಾಣಿ ಕಾಯುತ್ತಿದೆ.

ಒಪ್ಪಂದ ಶೆಲ್ಟರ್ ಹೆಸರಿನಲ್ಲಿ ಆಗಲಿ. ಅದರಲ್ಲಿ ಮುಖ್ಯವಾದ ಒಂದು ಸಾಲು: ಯಾವ ಕಾರಣಕ್ಕೇ ಸಾಕಲಾಗದಿದ್ದರೂ, ಎಷ್ಟು ವರ್ಷದ ನಂತರವಾದರೂ, ಪ್ರಾಣಿಯನ್ನು ಶೆಲ್ಟರ್‌ಗೇ ಮರಳಿಸಬೇಕು. ಚಿಪ್ ನೋಂದಣಿಯನ್ನು ಹೊಸಬರ ಹೆಸರಿಗೆ ಅಂದೇ ಬದಲಿಸಿ.

ಹೊಸ ಮನೆಯ ಮೊದಲ ದಿನಗಳು

ದತ್ತು ಹೋದ ಪ್ರಾಣಿ ತಪ್ಪಿಸಿಕೊಳ್ಳುವ ಸಂಭವ ಮೊದಲ ದಿನಗಳಲ್ಲೇ ಹೆಚ್ಚು. ನಾಯಿಗೆ ಕೊರಳಪಟ್ಟಿ ಮತ್ತು ಎದೆಪಟ್ಟಿ ಎರಡನ್ನೂ ಹಾಕಿ, ಎರಡಕ್ಕೂ ಹಗ್ಗ ಕಟ್ಟಿ ನಡೆಸಲು ಹೇಳಿ. ಪಟ್ಟಿಯಡಿ ಎರಡು ಬೆರಳಷ್ಟೇ ತೂರಬೇಕು. ಬೆಕ್ಕು ಕೆಲವು ವಾರ ಹೊರಗೆ ಹೋಗಕೂಡದು, ಮೊದಲು ಒಂದೇ ಕೋಣೆಯಲ್ಲಿರಲಿ. ತಪ್ಪಿಸಿಕೊಂಡ ಮನೆಬೆಕ್ಕು ಸಾಮಾನ್ಯವಾಗಿ ಅಕ್ಕಪಕ್ಕದಲ್ಲೇ, ಸದ್ದಿಲ್ಲದೆ ಅಡಗಿರುತ್ತದೆ. ದೂರ ಅಲೆಯುವ ಬದಲು ಪೊದೆ, ವಾಹನದಡಿ, ಮೆಟ್ಟಿಲಿನಡಿ ಟಾರ್ಚ್ ಹಿಡಿದು ಹುಡುಕಬೇಕು.

ಶೆಲ್ಟರ್‌ಗಳಲ್ಲಿ ಹೇಳುವ ಸ್ಥೂಲ ಲೆಕ್ಕವೊಂದಿದೆ: ಮೊದಲ 3 ದಿನ ದಿಗಿಲು, 3 ವಾರಕ್ಕೆ ದಿನಚರಿ, 3 ತಿಂಗಳಿಗೆ ಮನೆ ತನ್ನದೆಂಬ ಭಾವ. ಈ ಮೂರೂ ಹಂತಗಳಲ್ಲಿ ಹೊಸ ಮನೆಗೆ ಒಂದೊಂದು ಕರೆ ಮಾಡಿ. ಮೂರನೇ ವಾರದ ಕರೆ ತಪ್ಪಿಸಬೇಡಿ. ಅಲ್ಲಿಯವರೆಗೆ ಮುದುಡಿದ್ದ ನಾಯಿ ಬೊಗಳಲು, ತನ್ನ ಊಟ, ವಸ್ತುಗಳ ಹತ್ತಿರ ಯಾರನ್ನೂ ಬಿಡದೆ ಕಾವಲು ಕಾಯಲು ಶುರುಮಾಡುವುದು, ಮನೆಯವರು “ಕೆಟ್ಟುಹೋಯಿತು” ಎಂದು ಕಂಗಾಲಾಗುವುದು ಆಗಲೇ. ಹೊಂದಿಕೆಯಾಗದೆ ವಾಪಸು ತಂದವರನ್ನು ಬೈಯಬೇಡಿ. ಬೈದರೆ ಮುಂದಿನವರು ತರುವುದಿಲ್ಲ, ಬೀದಿಗೆ ಬಿಡುತ್ತಾರೆ. ಏನು ಸರಿಹೋಗಲಿಲ್ಲ ಎಂದು ವಿವರವಾಗಿ ಕೇಳಿ, ಪ್ರಾಣಿಯನ್ನು ಒಂದೆರಡು ವಾರ ಫಾಸ್ಟರ್ ಮನೆಯಲ್ಲಿ ಸುಧಾರಿಸಿಕೊಳ್ಳಲು ಬಿಟ್ಟು, ಜಾಹೀರಾತಿನ ಬರಹ ತಿದ್ದಿ ಮತ್ತೆ ಹಾಕಿ.